ಹಳೇ ಕೋಳಿಗಳ ಜೊತೆ ಎಳೇ ಹೇಂಟೆಗಳು: ಬೆರೆಸಲು ಒಂದೂವರೆ ತಿಂಗಳು ಕೊಡಿ

ಗೋವಾದ ಪೋಂಡಾದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಆರು ಕೋಳಿಗಳಿವೆ. ಧಾರವಾಡದ ಕಡೆಯಿಂದ ಬಂದ ನಮಗೆ ಜವಾರಿ ತತ್ತಿಯ ರುಚಿ ಬಿಡಲು ಆಗಲಿಲ್ಲ. ಇಲ್ಲಿಯವರು ಅದನ್ನೇ ಗಾವ್ಠಿ ಅನ್ನುತ್ತಾರೆ. ಹಳೆಯವು ತತ್ತಿ ಇಡುವುದು ಕಡಿಮೆಯಾದಾಗ ನಾಲ್ಕು ಎಳೇ ಹೇಂಟೆ ತಂದೆವು. "ರಾತ್ರಿ ಸುಮ್ನೆ ಗೂಡಿನೊಳಗೆ ಬಿಡಿ, ಬೆಳಗಾಗುವಷ್ಟರಲ್ಲಿ ಒಂದಾಗಿರುತ್ತವೆ" ಎಂದು ಯಾರೋ ಹೇಳಿದ್ದರು. ಹಾಗೇ ಮಾಡಿದೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಒಂದು ಎಳೇ ಹೇಂಟೆ ಮೂಲೆಗೆ ತಲೆ ತೂರಿಸಿ ನಿಂತಿತ್ತು. ಹಿಂದಲೆಯ ಚರ್ಮವೇ ಕಿತ್ತು ಬಂದಿತ್ತು. ಮಧ್ಯಾಹ್ನದೊಳಗೆ ಸತ್ತುಹೋಯಿತು. ಅದಕ್ಕೇ ಈ ಲೇಖನ.

ಕೋಳಿಗಳಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಕ್ರಮ ಇರುತ್ತದೆ. ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ 1921ರಲ್ಲೇ ಇದನ್ನು ಬರೆದಿಟ್ಟರು. ಹೊಸ ಕೋಳಿ ಬಂದರೆ ಈ ಕ್ರಮವೇ ಅಲುಗಾಡುತ್ತದೆ. ಹಾಗಾಗಿ ಸ್ವಲ್ಪ ಜಗಳ ಆಗಿಯೇ ಆಗುತ್ತದೆ. ಅದನ್ನು ತಪ್ಪಿಸಲು ಆಗುವುದಿಲ್ಲ, ಆದರೆ ರಕ್ತ ಬರದಂತೆ ನೋಡಿಕೊಳ್ಳಬಹುದು.

ತರುವಾಗ

ಒಂದೇ ಒಂದನ್ನು ತರಬೇಡಿ. ಕುಕ್ಕಿಸಿಕೊಳ್ಳುವುದೆಲ್ಲ ಅದೊಂದರ ಪಾಲಿಗೇ ಬರುತ್ತದೆ. ಕಡಿಮೆ ಅಂದರೂ ಎರಡು, ಮೂರಾದರೆ ಇನ್ನೂ ಒಳ್ಳೆಯದು. ಹತ್ತು–ಹನ್ನೆರಡು ವಾರದವು ಸಿಕ್ಕರೆ ಸರಿ; ಬೆರೆಸುವ ಹೊತ್ತಿಗೆ ಹಳೆಯವುಗಳಷ್ಟೇ ಮೈ ಬಂದಿರುತ್ತದೆ. ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ ಲಸಿಕೆ ಹಾಕಿದ್ದಾರಾ ಎಂದು ಕೇಳಿ. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು. ಮಳೆಗೆ ಎಲ್ಲವೂ ಗೂಡಿನಲ್ಲೇ ಮುದುಡಿಕೊಂಡಿರುತ್ತವೆ, ನೆಲದ ಹೊಟ್ಟು ಒದ್ದೆ, ಓಡಿಹೋಗಲು ಜಾಗ ಇಲ್ಲ.

ಮೊದಲ ಮೂರು–ನಾಲ್ಕು ವಾರ: ಪೂರ್ತಿ ದೂರ

ಹೊಸವನ್ನು ಮನೆಯ ಇನ್ನೊಂದು ಬದಿಗೆ ಇಡಿ. ನೀರಿನ ಬಟ್ಟಲು ಬೇರೆ, ತಟ್ಟೆ ಬೇರೆ. ಹಳೆಯವಕ್ಕೆ ಮೊದಲು ಕಾಳು ಹಾಕಿ, ಆಮೇಲೆ ಹೊಸವುಗಳ ಹತ್ತಿರ ಹೋಗಿ, ಕೈ ಮತ್ತು ಚಪ್ಪಲಿ ತೊಳೆದು ಬನ್ನಿ. ರೆಕ್ಕೆಯ ಅಡಿ, ಬಾಲದ ಬುಡದ ಪುಕ್ಕ ಸರಿಸಿ ಹೇನು ಇದೆಯಾ ನೋಡಿ. ಸೀನುವುದು, ಕಣ್ಣಲ್ಲಿ ನೊರೆ, ಹಸಿರು ಹಿಕ್ಕೆ ಕಂಡರೆ ಪಶುವೈದ್ಯರಿಗೆ ತೋರಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಎರಡು ವಾರ: ಜಾಲರಿಯ ಆಚೆ ಈಚೆ

ಎಲ್ಲದಕ್ಕಿಂತ ಮುಖ್ಯವಾದ ಹಂತ ಇದು. ಏನೂ ಆಗುತ್ತಿಲ್ಲ ಅನ್ನಿಸಿ ಜನ ಬೇಗ ಬಿಟ್ಟುಬಿಡುವುದೂ ಇದನ್ನೇ. ಹಳೆಯವು ಓಡಾಡುವ ಜಾಗದಲ್ಲೇ ತಂತಿ ಜಾಲರಿ ಕಟ್ಟಿ, ಒಳಗೆ ಹೊಸವನ್ನು ಬಿಡಿ. ಒಂದನ್ನೊಂದು ನೋಡಬೇಕು, ಮುಟ್ಟಲು ಆಗಬಾರದು. ಜಾಲರಿಯ ಎರಡೂ ಬದಿಗೆ ತಟ್ಟೆಗಳನ್ನು ಹತ್ತಿರ ಹತ್ತಿರ ಇಟ್ಟರೆ ಎದುರುಬದುರು ನಿಂತು ತಿನ್ನುವುದು ಅಭ್ಯಾಸ ಆಗುತ್ತದೆ.

ಎರಡನೇ ಸಲ ನಾನು ಹೀಗೇ ಮಾಡಿದೆ. ನಮ್ಮ ದೊಡ್ಡ ಕೆಂಪು ಕೋಳಿ ಮೊದಲ ದಿನ ಕತ್ತಿನ ಪುಕ್ಕವನ್ನೆಲ್ಲ ಛತ್ರಿಯಂತೆ ಅರಳಿಸಿ ಜಾಲರಿಗೆ ಎದೆ ಒತ್ತಿ ನಿಂತಿತು. ಮೂರನೇ ದಿನ ಬಂದು ನೋಡಿ ಹೋಗುತ್ತಿತ್ತು. ಒಂಬತ್ತನೇ ದಿನ ಜಾಲರಿಗೆ ಬೆನ್ನು ಹಾಕಿ ಮಣ್ಣಿನಲ್ಲಿ ಹೊರಳುತ್ತಾ ಕಣ್ಣು ಮುಚ್ಚಿತು. ಆ ಬೆನ್ನು ಕಂಡ ಮೇಲೆ ನನಗೆ ಧೈರ್ಯ ಬಂತು.

ಈ ಹೊತ್ತಿಗೆ ಆಹಾರವನ್ನೂ ಬದಲಿಸಿ. ತತ್ತಿ ಕೋಳಿಯ ಲೇಯರ್ ಆಹಾರದಲ್ಲಿ ಕ್ಯಾಲ್ಸಿಯಂ ಸುಮಾರು 3.5ರಿಂದ 4 ಪರ್ಸೆಂಟ್ ಇರುತ್ತದೆ. ಎಳೇ ಹೇಂಟೆಗೆ ಒಂದು ಪರ್ಸೆಂಟ್ ಸಾಕು. ಜಾಸ್ತಿಯಾದರೆ ಮೂತ್ರಪಿಂಡ ಕೆಡುತ್ತದೆ. ಎಲ್ಲಕ್ಕೂ ಗ್ರೋವರ್, ಅಂದರೆ ಬೆಳೆಯುವ ಕೋಳಿಗಳ ಆಹಾರ ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ತತ್ತಿ ಇಡುವವು ತಾವಾಗಿಯೇ ಹುಡುಕಿ ತಿನ್ನುತ್ತವೆ. ಗೋವಾದ ಅಡುಗೆಮನೆಯಲ್ಲಿ ತಿಸ್ರ್ಯೊ, ಅಂದರೆ ಕಪ್ಪೆಚಿಪ್ಪಿಗೆ ಬರ ಇಲ್ಲ, ಅಲ್ವಾ? ತೊಳೆದು, ಒಣಗಿಸಿ, ಕುಟ್ಟಿದರೆ ಆಯಿತು.

ಜಾಲರಿಯ ಬಾಗಿಲು ತೆರೆಯುವ ದಿನ

ಸಂಜೆ, ಕತ್ತಲಾಗಲು ಒಂದು ಗಂಟೆ ಇರುವಾಗ ಬಯಲಲ್ಲಿ ಬೆರೆಸಿ, ಗೂಡಿನೊಳಗೆ ಬೇಡ. ಅದಕ್ಕೂ ಮೊದಲು ಜಾಗ ಸಿದ್ಧ ಮಾಡಿ. ತಟ್ಟೆ ಎರಡು, ನೀರು ಎರಡು ಕಡೆ. ಒಂದರಿಂದ ಇನ್ನೊಂದು ಕಾಣದಷ್ಟು ದೂರ ಇರಲಿ. ಹಲಗೆಯೊಂದನ್ನು ಗೋಡೆಗೆ ಒರಗಿಸಿ, ಎರಡೂ ಕಡೆಯಿಂದ ಹೊರಬರಲು ದಾರಿ ಬಿಡಿ. ಒಂದೇ ಬಾಯಿ ಇರುವ ಡಬ್ಬ ಬೇಡವೇ ಬೇಡ, ಒಳಗೆ ಹೋದ ಮರಿ ಸಿಕ್ಕಿಬೀಳುತ್ತದೆ. ಕೆಂಪು ರಾಜಗಿರಿ ಸೊಪ್ಪಿನ ಕಟ್ಟನ್ನು, ಇಲ್ಲಿಯವರ ತಾಂಬಡಿ ಭಾಜಿಯನ್ನು, ಕೊಕ್ಕಿಗೆ ಎಟುಕುವ ಎತ್ತರದಲ್ಲಿ ನೇತುಹಾಕಿ. ಅದನ್ನು ಎಳೆದು ತಿನ್ನುವುದರಲ್ಲೇ ಹಳೆಯವುಗಳ ಅರ್ಧ ಸಿಟ್ಟು ಕಳೆಯುತ್ತದೆ.

ಮೊದಲ ಕೆಲವು ದಿನ ರಾತ್ರಿ ಹೊಸವು ತಮ್ಮ ಜಾಲರಿಯೊಳಗೇ ಮಲಗಲಿ. ಹಗಲಿನ ಜಗಳ ತಣ್ಣಗಾದ ಮೇಲೆ ಕತ್ತಲಲ್ಲಿ ಎತ್ತಿ ಗೂಡಿನ ಕೋಲಿನ ಮೇಲೆ ಕೂರಿಸಿ. ಒಂದೊಂದಕ್ಕೆ ಎಂಟು–ಹತ್ತು ಇಂಚು ಜಾಗ ಬೇಕು. ಮರುದಿನ ಬೆಳಕು ಹರಿಯುವ ಮೊದಲೇ ನೀವು ಅಲ್ಲಿರಬೇಕು. ಮೊದಲ ಸಲ ನಾನು ಏಳಕ್ಕೆ ಹೋದೆ. ಅಷ್ಟರೊಳಗೆ ಆಗಬಾರದ್ದು ಆಗಿತ್ತು.

ಯಾವಾಗ ಕೈ ಹಾಕಬೇಕು

ಕುಕ್ಕಿ, ಓಡಿಸಿ, ಬಿಟ್ಟುಬಿಟ್ಟರೆ ನೋಡಿಕೊಂಡು ಸುಮ್ಮನಿರಿ. ಬೆನ್ನ ಮೇಲೆ ಹತ್ತಿ ತಲೆಗೇ ಕುಕ್ಕುತ್ತಿದ್ದರೆ, ಮೂಲೆಗೆ ಒತ್ತಿ ಬಿಡದಿದ್ದರೆ ತಕ್ಷಣ ಬಿಡಿಸಿ. ರಕ್ತ ಬಂದ ಕೋಳಿಯನ್ನು ಆ ಕ್ಷಣವೇ ಹೊರಗೆ ತನ್ನಿ. ಕೆಂಪು ಕಂಡರೆ ಉಳಿದವೂ ಬಂದು ಅಲ್ಲಿಗೇ ಕುಕ್ಕುತ್ತವೆ. ಗಾಯ ತೊಳೆದು ಜೆನ್ಶಿಯನ್ ವೈಲೆಟ್ ಹಚ್ಚಿ, ಆ ನೇರಳೆ ಬಣ್ಣ ಕೆಂಪನ್ನು ಮುಚ್ಚುತ್ತದೆ.

ಒಂದೇ ಹಳೇ ಕೋಳಿ ಕಾಟ ಕೊಡುತ್ತಿದ್ದರೆ ಅದನ್ನೇ ಮೂರ್ನಾಲ್ಕು ದಿನ ಬೇರೆ ಇಡಿ. ವಾಪಸ್ ಬಂದಾಗ ಅದರ ಹಳೇ ಜಾಗ ಹಾಗೇ ಉಳಿದಿರುವುದಿಲ್ಲ, ಕೊಬ್ಬೂ ಇಳಿದಿರುತ್ತದೆ.

ದಿನಾ ಸಂಜೆ ಹೊಸವನ್ನು ಎತ್ತಿಕೊಂಡು ಕತ್ತಿನ ಬುಡದ ಚೀಲ ಮುಟ್ಟಿ ನೋಡಿ. ನಿಂಬೆಹಣ್ಣಿನಂತೆ ಉಬ್ಬಿದ್ದರೆ ಹೊಟ್ಟೆ ತುಂಬಿದೆ. ಚಪ್ಪಟೆಯಾಗಿದ್ದರೆ ಯಾರೋ ತಟ್ಟೆಗೆ ಬಿಡುತ್ತಿಲ್ಲ. ಹಗಲೆಲ್ಲ ಕಾದು ನೋಡಿದರೂ ಗೊತ್ತಾಗದ್ದು ಇದರಲ್ಲಿ ಗೊತ್ತಾಗುತ್ತದೆ. ಹಿಕ್ಕೆಯಲ್ಲಿ ರಕ್ತ, ಮೈ ಉಬ್ಬಿಸಿ ತೂಕಡಿಸುವುದು ಕಂಡರೆ ರಕ್ತಭೇದಿ ಇರಬಹುದು, ವೈದ್ಯರ ಹತ್ತಿರ ಹೋಗಿ. ಹಳೆಯವು ಆರಾಮಾಗಿ ತಾಳಿಕೊಳ್ಳುವ ರೋಗಾಣು ಎಳೆಯವಕ್ಕೆ ಹೊಸದಾಗಿರುತ್ತದೆ.

ಆಮೇಲೂ ಕೆಲವು ವಾರ ಎರಡು ಗುಂಪಾಗಿಯೇ ತಿರುಗುತ್ತವೆ. ಚಿಂತೆ ಬೇಡ. ಎಳೆಯವೂ ತತ್ತಿ ಇಡಲು ಶುರು ಮಾಡಿದ ಮೇಲೆ ಎಲ್ಲಕ್ಕೂ ಲೇಯರ್ ಆಹಾರಕ್ಕೆ ಮರಳಿ. ಎರಡನೇ ತಟ್ಟೆಯನ್ನು ಮಾತ್ರ ತೆಗೆಯಬೇಡಿ. ನಮ್ಮ ಹಿತ್ತಲಲ್ಲಿ ಅದು ಇವತ್ತಿಗೂ ಪೇರಲ ಗಿಡದ ಕೆಳಗೇ ಇದೆ.