ಬೋರ್ ನೀರು ಕುಡಿದ ಲೇಸರ್

ಪಾಠದಲ್ಲಿ ಲೇಸರ್ ಬಹಳ ಚಂದ. 1960ರಲ್ಲಿ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊತ್ತಿಸಿದ. ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿದರು. ದಾವಣಗೆರೆಯಲ್ಲಿ ವರ್ಷಗಟ್ಟಲೆ ಇದನ್ನೇ ಹೇಳಿಕೊಟ್ಟೆ, ಇದರ ಮೇಲೇ ಪಿಎಚ್‌ಡಿಯನ್ನೂ ಮಾಡಿದೆ. ಆಮೇಲೆ ಒಂದು ಶೆಡ್ ಬಾಡಿಗೆಗೆ ಹಿಡಿದು, ಅದೇ ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಕತ್ತರಿಸುವ 100 ವಾಟ್‌ನ ಮಷೀನು ತಂದೆ. ಮನೆಯವರಿಗೆ ಪೂರ್ತಿ ಬೆಲೆ ಹೇಳಲಿಲ್ಲ.

ಮೊದಲ ಬೇಸಿಗೆಯಲ್ಲೇ ಲೇಸರ್ ಹುಟ್ಟುವ ಟ್ಯೂಬು ಒಡೆಯಿತು.

ತಪ್ಪು ನನ್ನದೇ. ಈ ಗಾಜಿನ ಟ್ಯೂಬು 100 ವಾಟ್ ಬೆಳಕು ಕೊಡಲು ಸುಮಾರು 1000 ವಾಟ್ ಕರೆಂಟ್ ತಿನ್ನುತ್ತದೆ. ಉಳಿದದ್ದೆಲ್ಲ ಬಿಸಿ. ಅದನ್ನು ಎಳೆದುಕೊಂಡು ಹೋಗುವುದು ಟ್ಯೂಬಿನ ಸುತ್ತ ಹರಿಯುವ ನೀರು. ನೀರು ತಣ್ಣಗಿಡುವ ಚಿಲ್ಲರ್‌ಗೆ ದುಡ್ಡು ಯಾಕೆ ಅಂತ ನಾನು ಒಂದು ಡ್ರಮ್ಮು, ಪಂಪು ಇಟ್ಟು ಬೋರ್ ನೀರು ತುಂಬಿಸಿದ್ದೆ. ನಮ್ಮ ಕಡೆಯ ಬೋರ್ ನೀರು ಹೇಗಿರುತ್ತದೆ ಅಂತ ಮನೆಯ ಗೀಸರ್ ಕಾಯಿಲ್ ನೋಡಿದರೆ ಸಾಕು! ಬಿಳಿ ಪದರ ಕಟ್ಟಿತು, ಹರಿವು ಕಮ್ಮಿಯಾಯಿತು. ಏಪ್ರಿಲ್ ಮಧ್ಯಾಹ್ನ ಡ್ರಮ್ಮಿನ ನೀರು ಕೈಗೇ ಬೆಚ್ಚಗೆ ತಾಗುತ್ತಿತ್ತು. ಬೆಳಗ್ಗೆ ಸಲೀಸಾಗಿ ಕತ್ತರಿಸುತ್ತಿದ್ದ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆ ಮಧ್ಯಾಹ್ನ ಅರ್ಧಕ್ಕೇ ನಿಲ್ಲುತ್ತಿತ್ತು. ನಾನೋ, ಲೆನ್ಸ್ ಕೊಳೆಯಾಗಿದೆ ಅಂದುಕೊಂಡು ಅದನ್ನೇ ಒರೆಸುತ್ತಾ ಕೂತಿದ್ದೆ. ಪರೀಕ್ಷೆಯಲ್ಲಿ ಯಾವ ಹುಡುಗನಾದರೂ ಹೀಗೆ ಮಾಡಿದ್ದರೆ ಸೊನ್ನೆ ಹಾಕುತ್ತಿದ್ದೆ, ಅಲ್ವಾ?

ಈಗ ಚಿಲ್ಲರ್ ಇದೆ, ಡಿಸ್ಟಿಲ್ಡ್ ವಾಟರ್ ಇದೆ. ನೀರು 20 ಡಿಗ್ರಿ ಆಸುಪಾಸು ಇಡುತ್ತೇವೆ. ಜಾಸ್ತಿ ತಣ್ಣಗೆ ಮಾಡಿದರೆ ಮಳೆಗಾಲದಲ್ಲಿ ಟ್ಯೂಬು ಬೆವರುತ್ತದೆ. ಪಿವಿಸಿ ಹಾಳೆ ತಂದವರನ್ನು ಮಾತ್ರ ವಾಪಸ್ ಕಳಿಸುತ್ತೇನೆ. ಅದು ಸುಟ್ಟರೆ ಬರುವ ಆಮ್ಲದ ಹೊಗೆ ಮಷೀನಿಗೂ ಎದೆಗೂ ಕೆಟ್ಟದ್ದು.

ಒಮ್ಮೆ ಹರಿಹರದಿಂದ ಲೇತ್ ಕೆಲಸದ ಹಿರಿಯರೊಬ್ಬರು ಗೇರ್ ಹಿಡಿದು ಬಂದರು. ಅದರ ಮೇಲೆ ನಂಬರ್ ಹಾಕಬೇಕಿತ್ತು. ನನ್ನ ಮಷೀನಿನ 10.6 ಮೈಕ್ರಾನ್ ತರಂಗಾಂತರದ ಬೆಳಕನ್ನು ಹೊಳೆಯುವ ಲೋಹ ಕನ್ನಡಿಯ ಹಾಗೆ ವಾಪಸ್ ಎಸೆಯುತ್ತದೆ. ಅದನ್ನೇ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಮೇಷ್ಟ್ರೇ, ಆಗಲ್ಲ ಅಂತ ಅಂದ್ರೆ ಸಾಕಿತ್ತು" ಅಂದರು.

ಮುಂದಿನ ವರ್ಷ ಲೋಹದ ಮೇಲೂ ಗುರುತು ಹಾಕಬಲ್ಲ, 1.06 ಮೈಕ್ರಾನ್‌ನ ಫೈಬರ್ ಲೇಸರ್ ತಂದೆ. ಅದರ ಬೆಳಕು ಕಣ್ಣಿಗೆ ಕಾಣದೆ ನೇರ ರೆಟಿನಾಕ್ಕೇ ಇಳಿಯುತ್ತದೆ, ಹಾಗಾಗಿ ತಕ್ಕ ಕನ್ನಡಕವಿಲ್ಲದೆ ಯಾರೂ ಹತ್ತಿರ ಬರುವ ಹಾಗಿಲ್ಲ. ಮೊದಲ ಫೋನ್ ಮಾಡಿದ್ದು ಅದೇ ಹಿರಿಯರಿಗೆ. ಗೇರ್ ಜೊತೆ ಒಂದು ಪೊಟ್ಟಣ ಮಿರ್ಚಿ, ಮಂಡಕ್ಕಿಯನ್ನೂ ತಂದಿದ್ದರು.