ಬರ್ ತೆಗೆಯಲು ಶೆಡ್ಡಿನಲ್ಲೇ ಕಟ್ಟಿದ ಬ್ಯಾರಲ್: ನನ್ನ ಅನುಭವ

ಲೇತಿನಿಂದ ಬಂದ ಪೀಸಿನ ಅಂಚಲ್ಲಿ ಉಳಿಯುವ ಚೂಪು ಲೋಹದ ಎಳೆಗೆ ಬರ್ ಅನ್ನುತ್ತೇವೆ. ಪೀಸುಗಳನ್ನು ಮೀಡಿಯಾ, ಅಂದರೆ ಉಜ್ಜುವ ಸಣ್ಣ ಕಲ್ಲುಗಳ ಜೊತೆ ಹಾಕಿ ತಿರುಗಿಸಿ ಬರ್ ತೆಗೆಯುವ ಡಬ್ಬವೇ ಬ್ಯಾರಲ್. ಹಿತ್ತಾಳೆ ನಿಪ್ಪಲ್, ಅಂದರೆ ಥ್ರೆಡ್ ಇರುವ ಸಣ್ಣ ಕೊಳವೆ ತುಂಡು, ಬ್ಯಾರಲ್‌ಗೆ ಹಾಕಿದರೆ ಥ್ರೆಡ್ ಹಾಳಾಗುತ್ತೆ ಅಂತ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ನನಗೆ ಹೇಳದವರೇ ಇಲ್ಲ. ಟ್ರಾಬ್ ಲೇತ್ ಓಡಿಸುವವರು, ಪ್ಲೇಟಿಂಗ್‌ನವರು, ಟೂಲ್ ರೂಮಿನಲ್ಲಿ ಜೀವನ ಕಳೆದು ರಿಟೈರ್ ಆದ ನಮ್ಮ ಮಾವನವರು, ಎಲ್ಲರದೂ ಒಂದೇ ರಾಗ. "ಕೈಯಲ್ಲೇ ಹೊಡೆಸಪ್ಪಾ, ಸುಮ್ನೆ ದುಡ್ಡು ಕಳ್ಕೋಬೇಡ." ಈಗ ಆ ಬ್ಯಾರಲ್ ದಿನಾ ತಿರುಗುತ್ತಿದೆ. ಥ್ರೆಡ್ ಸರಿ ಇದೆಯಾ ಅಂತ ನೋಡುವ ಗೋ ರಿಂಗ್ ಗೇಜ್ ಬೆರಳಲ್ಲೇ ಸಲೀಸಾಗಿ ಹೋಗುತ್ತೆ. ಮಾವನವರೇ ಕಳೆದ ವಾರ ಅವರ ಸ್ನೇಹಿತರೊಬ್ಬರನ್ನು ಕರೆದುಕೊಂಡು ಬಂದು ತೋರಿಸಿದರು, ತಾವೇ ಕಟ್ಟಿದ ಹಾಗೆ.

ಜಾಬ್ ಇಷ್ಟೇ. 10 ಎಂಎಂ ಹೆಕ್ಸ್ (ಆರು ಮೂಲೆಯ) ಹಿತ್ತಾಳೆ, ಒಂದು ಕಡೆ ಎಂ6 ಥ್ರೆಡ್, ನಡುವೆ ಉದ್ದಕ್ಕೆ 3 ಎಂಎಂ ತೂತು (ಬೋರ್), ಅಡ್ಡಕ್ಕೆ ಒಂದು 2 ಎಂಎಂ ತೂತು. ಪೀಸ್ ತೂಕ ಹೆಚ್ಚುಕಡಿಮೆ 8 ಗ್ರಾಂ. ತಿಂಗಳಿಗೆ ಹತ್ತು ಸಾವಿರ ಪೀಸ್. ಕೈಯಲ್ಲಿ ಅರ, ಕೌಂಟರ್‌ಸಿಂಕ್, ಎಮರಿ ಹಿಡಿದು ಕೂತರೆ ಒಂದು ಪೀಸಿಗೆ ಇಪ್ಪತ್ತು ಇಪ್ಪತ್ತೈದು ಸೆಕೆಂಡ್ ಬೇಕು. ಅಂದರೆ ಗಂಟೆಗೆ 150 ಆದರೆ ಪುಣ್ಯ. ಕೂಲಿ ಲೆಕ್ಕ ಹಾಕಿದರೆ ಪೀಸಿಗೆ 45-50 ಪೈಸೆ ಬರ್‌ಗೇ ಹೋಗುತ್ತಿತ್ತು, ನನಗೆ ಆ ಪೀಸಲ್ಲಿ ಉಳಿಯುತ್ತಿದ್ದದ್ದೇ ಅದರ ಎರಡರಷ್ಟು. ಇನ್ನು ಸಂಜೆ ಹೊತ್ತಿಗೆ ಕೈ ಸೋತು ಒಂದೊಂದು ಪೀಸಿನಲ್ಲಿ ಹೆಕ್ಸ್ ಮೂಲೆಯೇ ಹಾರಿಹೋಗುತ್ತಿತ್ತು. ಒಂದು ಸಲ ಇಡೀ ಲಾಟ್ ವಾಪಸ್ ಬಂತು. ಆಟೋ ಬಾಡಿಗೆ ಎರಡೂ ಕಡೆ ನನ್ನ ತಲೆಗೇ.

ಅಲುಗಾಡಿಸಿ ಬರ್ ತೆಗೆಯುವ ವೈಬ್ರೇಟರ್ ಮೆಷಿನ್‌ಗೆ ಕೊಟೇಶನ್ ತೆಗೆಸಿದೆ. ಚಿಕ್ಕದಕ್ಕೇ ಐವತ್ತು ಸಾವಿರದ ಮೇಲೆ ಹೇಳಿದರು, ಮೀಡಿಯಾ ಬೇರೆ. ಅಲ್ಲಿಗೆ ಬಿಟ್ಟೆ.

ಮೊದಲು ಕಟ್ಟಿದ್ದು 8 ಇಂಚಿನ ಪಿವಿಸಿ ಪೈಪು, ಎರಡೂ ಕಡೆ ಕ್ಯಾಪ್, ತಿರುಗಿಸಲು ಕಲಾಸಿಪಾಳ್ಯದಲ್ಲಿ ತಂದ ಹಳೇ ವೈಪರ್ ಮೋಟಾರು. ಪೈಪಿನ ಒಳಗೆ ನುಣುಪು ನೋಡಿ, ಒಳಗಿನ ಮಾಲು ಮಗ್ಗುಲಾಗದೆ ಅಡಿಯಲ್ಲೇ ಜಾರುತ್ತಾ ಕೂತಿತ್ತು. ನಾಲ್ಕು ಗಂಟೆ ಬಿಟ್ಟರೂ ಬರ್ ಹಾಗೇ. ಸರಿ, ಒಳಗೆ ಮೂರು ಪಟ್ಟಿ ಅಂಟಿಸಿದೆ. ಈಗ ಪಟ್ಟಿ ಮಾಲನ್ನು ಮೇಲಕ್ಕೆ ಎತ್ತಿಕೊಂಡು ಹೋಗಿ ದಬ್ ಅಂತ ಬೀಳಿಸತೊಡಗಿತು. ಬರ್ ಹೋಯಿತು, ಜೊತೆಗೆ ಥ್ರೆಡ್ಡಿನ ಮೊದಲ ಸುತ್ತೂ ಹೋಯಿತು. ಗೋ ರಿಂಗ್ ಶುರುವಿನಲ್ಲೇ ಕಚ್ಚಿಕೊಳ್ಳುತ್ತಿತ್ತು. ಎಲ್ಲರೂ "ಹೇಳಿರಲಿಲ್ವಾ" ಅಂದಿದ್ದು ಆಗಲೇ. ಅಷ್ಟರಲ್ಲಿ ವೈಪರ್ ಮೋಟಾರೂ ಸುಟ್ಟಿತು. ಅದಿರುವುದು ಮಳೆಯಲ್ಲಿ ಗಾಜು ಒರೆಸಲು, ಗಂಟೆಗಟ್ಟಲೆ ಭಾರ ಎಳೆಯಲು ಅಲ್ಲವಲ್ಲ.

ಆಮೇಲೆ ಕಟ್ಟಿದ್ದೇ ಈಗಿರುವುದು. ಆರು ಮುಖದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟಿನ ಡಬ್ಬ, ಎದುರುಬದುರು ಮುಖದ ನಡುವೆ 10 ಇಂಚು, ಉದ್ದ 12 ಇಂಚು. ಒಳಗೆ ಗುಜರಿಯಲ್ಲಿ ಸಿಕ್ಕ ಕನ್ವೇಯರ್ ಬೆಲ್ಟಿನ ರಬ್ಬರ್. ಆರು ಮುಖ ಇದ್ದರೆ ಮಾಲು ಬೀಳುವುದಿಲ್ಲ, ಮೇಲಿನ ಪದರ ಮಾತ್ರ ಮೆತ್ತಗೆ ಕೆಳಗೆ ಜಾರುತ್ತೆ. ಕೆಲಸ ಆಗುವುದು ಆ ಜಾರುವ ಪದರದಲ್ಲೇ. ಅರ್ಧ ಎಚ್‌ಪಿ ಮೋಟಾರು, 1:40 ಗೇರ್ ಬಾಕ್ಸ್, ಎರಡೂ ಸೆಕೆಂಡ್ ಹ್ಯಾಂಡ್. ಮೊದಲು 36 ಆರ್‌ಪಿಎಂ ಬರುತ್ತಿತ್ತು, ಪುಲ್ಲಿ ಬದಲಿಸಿ 22ಕ್ಕೆ ಇಳಿಸಿದೆ. ಎಲ್ಲಾ ಸೇರಿ 14 ಸಾವಿರ ಆಗಿರಬಹುದು. ವೆಲ್ಡಿಂಗ್ ನನ್ನದೇ, ಅದರ ಕೂಲಿ ಹಾಕಿಲ್ಲ.

ಸ್ಪೀಡ್ ಇಳಿಸಿದ ಮಾತ್ರಕ್ಕೆ ಥ್ರೆಡ್ ಉಳಿಯಲಿಲ್ಲ. ಉಳಿದಿದ್ದು ಮೀಡಿಯಾ ಜಾಸ್ತಿ ಮಾಡಿದ ಮೇಲೆ. ಹೆಚ್ಚಿನವರು ಎಡವುವುದು ಇಲ್ಲೇ ಅಂತ ನನಗನಿಸುತ್ತೆ. ಒಂದೇ ಲೋಡಿನಲ್ಲಿ ಜಾಸ್ತಿ ಪೀಸ್ ತೆಗೆಯುವ ಆಸೆಗೆ ಅರ್ಧಕ್ಕರ್ಧ ಪೀಸೇ ತುಂಬುತ್ತಾರೆ. ಆಗ ಪೀಸಿಗೆ ಪೀಸೇ ಹೊಡೆಯುತ್ತೆ, ಹೆಕ್ಸ್ ಮೂಲೆ ಹೋಗಿ ಪಕ್ಕದ ಥ್ರೆಡ್ಡಿಗೆ ಬಡಿಯುತ್ತೆ. ನಾನು ಈಗ ಅಳತೆಯಲ್ಲಿ ನಾಲ್ಕು ಪಾಲು ಮೀಡಿಯಾಗೆ ಒಂದು ಪಾಲು ಪೀಸ್ ಹಾಕುತ್ತೇನೆ. ತೂಕ ಅಲ್ಲ, ಮಗ್ಗಿನ ಅಳತೆ. ಡಬ್ಬ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿರಬೇಕು. ಕಮ್ಮಿ ತುಂಬಿದರೆ ಜಾರುವ ದೂರ ಜಾಸ್ತಿಯಾಗಿ ಮತ್ತೆ ಬಡಿತ ಶುರು. ಈ ಲೆಕ್ಕದಲ್ಲಿ ಒಂದು ಲೋಡಿಗೆ ಹತ್ತು ಕೆಜಿ ಮೀಡಿಯಾ, 900 ಪೀಸ್ ಹತ್ತಿರ. ಒಂದೂಮುಕ್ಕಾಲು ಎರಡು ಗಂಟೆಗೆ ಹೊರಗೆ. ಥ್ರೆಡ್ ತುದಿಗೆ ನಾನು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಅದು ಇರಲಿ ಬಿಡಿ, ಅದೇ ನನ್ನ ಹೊಟ್ಟೆಪಾಡು.

ನೀರಿನ ಮಟ್ಟವೂ ಲೆಕ್ಕಕ್ಕೆ ಬರುತ್ತೆ. ಮಾಲಿಗಿಂತ ಕೆಳಗೇ ನೀರು ಇದ್ದರೆ ಬೇಗ ಕತ್ತರಿಸುತ್ತೆ. ಮೇಲೆ ನಿಂತರೆ ಮೆತ್ತಗೆ, ಫಿನಿಶ್ ಚೆನ್ನಾಗಿ ಬರುತ್ತೆ. ಮೊದಲ ಒಂದು ಗಂಟೆ ಕಮ್ಮಿ ನೀರು, ಕೊನೆಗೆ ಒಂದು ಮಗ್ ಜಾಸ್ತಿ.

ಮೀಡಿಯಾದಲ್ಲಿ ದುಡ್ಡು ಉಳಿಸಲು ಹೋಗಿ ತುಂಬಾ ಆಟ ಆಡಿದ್ದೇನೆ. ಒಡೆದ ಗ್ರೈಂಡಿಂಗ್ ವೀಲನ್ನು ಸುತ್ತಿಗೆಯಲ್ಲಿ ಕುಟ್ಟಿ ಹಾಕಿದೆ, ಪುಕ್ಕಟೆ ಮಾಲು ಅಂತ. ಎಂಎಸ್‌ಗೆ ಪರವಾಗಿಲ್ಲ, ಆದರೆ ಹಿತ್ತಾಳೆ ಮೆದು, ಅದರ ಕಣ ಮೈಯಲ್ಲೇ ಹೂತುಕೊಂಡು ಪೀಸ್ ಬೂದಿ ಬಣ್ಣಕ್ಕೆ ತಿರುಗಿತು. ಪ್ಲೇಟಿಂಗ್‌ನವರು ಬೈದು ಕಳಿಸಿದರು. ಕಟ್ಟಡದ ಸಣ್ಣ ಜಲ್ಲಿ ಒಂದೇ ದಿನದಲ್ಲಿ ಕೆಸರಾಯಿತು. ಕೊನೆಗೆ 10 ಎಂಎಂ ಸೆರಾಮಿಕ್ ತ್ರಿಕೋನ, ಕೆಜಿಗೆ 200 ರೂಪಾಯಿ ಆಸುಪಾಸು, 25 ಕೆಜಿ ಚೀಲ ತಂದೆ. ಹೊಸ ಮೀಡಿಯಾ ಚೂಪಾಗಿರುತ್ತೆ, ಪೀಸ್ ಹಾಕುವ ಮೊದಲು ಬರೀ ಮೀಡಿಯಾವನ್ನೇ ಒಂದು ರಾತ್ರಿ ಓಡಿಸಬೇಕು. ಮೀಡಿಯಾ ತೂತಿಗಿಂತ ದೊಡ್ಡದಿರಬೇಕು ಅನ್ನುವುದು ಗೊತ್ತಿರುವುದೇ, ಆದರೆ ಒಡೆದ ಚೂರು ಚಿಕ್ಕದಾಗಿರುತ್ತಲ್ಲ, ಅದು ಸರಿಯಾಗಿ 2 ಎಂಎಂ ತೂತಲ್ಲೇ ಹೋಗಿ ಕೂರುತ್ತೆ. ಪ್ರತಿ ಲೋಡಿಗೂ ಜರಡಿ ಹಿಡಿಯುತ್ತೇನೆ.

ನಮ್ಮ ಬೋರ್‌ವೆಲ್ ನೀರಿನ ಕಥೆ ಬೇರೆ. ಗಡಸು ನೀರು, ಪಾತ್ರೆ ಸೋಪು ಹಾಕಿದರೆ ನೊರೆ ಬರದೆ ಹಾಲು ಒಡೆದ ಹಾಗೆ ಗಸಿ ಕಟ್ಟುತ್ತಿತ್ತು. ಆ ಗಸಿ ಹೆಕ್ಸ್ ಮೇಲೆ ಒಣಗಿ ಬಿಳಿ ಕಲೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಮೂರ್ನಾಲ್ಕು ಲೀಟರಿಗೆ ಒಂದು ಟೀ ಚಮಚ ಹಾಕಿದ ಮೇಲೆ ಅದು ನಿಂತಿತು, ಹಿತ್ತಾಳೆಗೆ ಹೊಳಪೂ ಬಂತು. ಎರಡು ಚಮಚ ಹಾಕಿ ನೋಡಿ, ಪೀಸ್ ಗುಲಾಬಿಯಾಗಿ ತಾಮ್ರದ ಬಣ್ಣಕ್ಕೆ ತಿರುಗುತ್ತೆ. ಮೇಲ್ಮೈಯ ಸತುವೇ ಎದ್ದು ಹೋಗಿ ತಾಮ್ರ ಉಳಿಯುವುದರಿಂದ ಹಾಗಾಗುತ್ತೆ. ನಾನು ಹಾಕುವ ಮೂರನೇ ಸಾಮಾನು ದಿನಸಿ ಅಂಗಡಿಯಲ್ಲೇ ಸಿಗುತ್ತೆ, ಅಷ್ಟು ಮಾತ್ರ ಹೇಳುತ್ತೇನೆ. ಕೊನೆಯ ತೊಳೆತಕ್ಕೆ ಕಾವೇರಿ ನೀರು. ಎಂಎಸ್ ಆದರೆ ನಿಂಬೆ ಉಪ್ಪು ಮುಟ್ಟಬೇಡಿ, ವಾಷಿಂಗ್ ಸೋಡಾ ಹಾಕಿ, ಇಲ್ಲದಿದ್ದರೆ ಟೀ ಕುಡಿದು ಬರುವಷ್ಟರಲ್ಲಿ ತುಕ್ಕು.

ಅದೇ ಸೋಡಾವನ್ನು ಅಲ್ಯೂಮಿನಿಯಂ ಜೊತೆ ಮಾತ್ರ ಹಾಕಬೇಡಿ. ಹೈಡ್ರೋಜನ್ ಗ್ಯಾಸ್ ಏಳುತ್ತೆ. ಪಕ್ಕದ ಶೆಡ್ಡಿನವರು ಮುಚ್ಚಳ ಬಿಗಿದು ಓಡಿಸಿ, ಮುಚ್ಚಳ ಎಗರಿ ಶೀಟಿಗೆ ಬಡಿದ ಸದ್ದಿಗೆ ಬೀದಿಯೆಲ್ಲಾ ಎದ್ದು ಬಂತು.

ಒಣಗಿಸಲು ಮರದ ಹೊಟ್ಟು ಸಾಕು. ಆದರೂ ದಾವಣಗೆರೆ ಕಡೆಯ ಸ್ನೇಹಿತನಿಂದ ಒಂದು ಚೀಲ ಮೆಕ್ಕೆಜೋಳದ ದಿಂಡು ತರಿಸಿದೆ, ಅದನ್ನು ಪುಡಿ ಮಾಡಿ ಹಾಕಿದರೆ ಒಣಗುವುದರ ಜೊತೆಗೆ ಹೊಳಪೂ ಬರುತ್ತೆ ಅಂತ. ಹೊಳಪು ಬರುವುದು ನಿಜ. ದಿಂಡು ಪುಡಿ ಮಾಡುವುದೇ ಕಷ್ಟ. ಹಿಟ್ಟಿನ ಗಿರಣಿಯವರು "ರಾಗಿ ಬೀಸೋ ಕಲ್ಲಿಗೆ ಇದನ್ನ ಹಾಕಲ್ಲ ಸಾರ್" ಅಂದುಬಿಟ್ಟರು. ಭತ್ತದ ಹೊಟ್ಟು ತೂತಿನಲ್ಲಿ ಸೂಜಿ ಹಾಗೆ ಸಿಕ್ಕಿಕೊಂಡಿತು. ನಗರ್ತಪೇಟೆಯಲ್ಲಿ ಬೆಳ್ಳಿ ಕೆಲಸದವರು ಬಳಸುವ ಸ್ಟೀಲ್ ಪಿನ್ ಅರ್ಧ ಕೆಜಿ ತಂದು, ಅಂಟುವಾಳದ ನೀರಿನ ಜೊತೆ ಹಾಕಿದಾಗ ಬಂದ ಹೊಳಪು ನೋಡಿ ನಮ್ಮನೆಯವರು ಎರಡು ಪೀಸ್ ಎತ್ತಿಟ್ಟುಕೊಂಡರು. ನಿಪ್ಪಲ್‌ಗೆ ಅಷ್ಟು ಹೊಳಪು ಯಾರೂ ಕೇಳಿಲ್ಲ, ರೇಟೂ ಕೊಡಲ್ಲ.

ಬ್ಯಾರಲ್ ಎಲ್ಲಾ ಬರ್ ತೆಗೆಯಲ್ಲ, ಇದು ಗೊತ್ತಿರಲಿ. ಅಡ್ಡ ತೂತು ಬೋರಿಗೆ ಸೇರುವ ಒಳಗಿನ ಬರ್‌ಗೆ ಮೀಡಿಯಾ ಮುಟ್ಟುವುದೇ ಇಲ್ಲ. ಅದಕ್ಕೆ ಆಪರೇಷನ್ ಹಿಂದುಮುಂದು ಮಾಡಿದೆ. ಬೋರ್ ಸ್ವಲ್ಪ ಕಮ್ಮಿ ಸೈಜಿಗೆ ಹೊಡೆದು, ಅಡ್ಡ ತೂತು ಹಾಕಿ, ಆಮೇಲೆ ಬೋರನ್ನು ಸರಿಯಾದ ಸೈಜಿಗೆ ತರುವ ರೀಮರ್. ರೀಮರೇ ಬರ್ ಎತ್ತಿಕೊಂಡು ಬರುತ್ತೆ. ಪೀಸನ್ನು ಬಾರಿನಿಂದ ಕತ್ತರಿಸುವ ಪಾರ್ಟಿಂಗ್ ಟೂಲಿನ ತುದಿ ಸ್ವಲ್ಪ ಓರೆ ಗ್ರೈಂಡ್ ಮಾಡಿದರೆ ಕೊನೆಗೆ ಉಳಿಯುವ ಸಣ್ಣ ಚೂರು (ಪಿಪ್) ಪೀಸಿನ ಬದಲು ಬಾರಿನಲ್ಲೇ ಉಳಿಯುತ್ತೆ. ಎರಡೂ ಚೇಂಫರ್, ಅಂದರೆ ಅಂಚಿನ ಓರೆ ಕಟ್, ಅದೇ ಆಕಾರಕ್ಕೆ ಗ್ರೈಂಡ್ ಮಾಡಿದ ಫಾರ್ಮ್ ಟೂಲಲ್ಲೇ ಬರುವ ಹಾಗೆ ಮಾಡಿದೆ. ಇಷ್ಟಾದ ಮೇಲೆ ಬ್ಯಾರಲ್‌ಗೆ ಉಳಿಯುವುದು ಕೂದಲಿನಷ್ಟು ಬರ್. ಅಂಚು ದುಂಡಗಾಗುವುದು ಡ್ರಾಯಿಂಗಿನಲ್ಲಿ ಕೇಳಿರುವ 0.2 ಎಂಎಂ ರೇಡಿಯಸ್ ಒಳಗೇ ಇರುತ್ತೆ. ಟೈಟ್ ಟಾಲರೆನ್ಸ್ ಇರುವ ಡಯಾ ಆದರೆ ಅಳೆದುಕೊಂಡೇ ಬಿಡಿ, ಹತ್ತು ಹದಿನೈದು ಮೈಕ್ರಾನ್ ಹೋಗಿದ್ದು ನಾನು ನೋಡಿದ್ದೇನೆ.

ಈಗ ಕರೆಂಟು, ಸವೆಯುವ ಮೀಡಿಯಾ, ತೊಳೆಯುವ ಕೂಲಿ ಎಲ್ಲಾ ಸೇರಿ ಪೀಸಿಗೆ ಹತ್ತು ಪೈಸೆ ದಾಟುವುದಿಲ್ಲ. ಹಾಕಿದ ದುಡ್ಡು ಆರು ತಿಂಗಳೊಳಗೆ ವಾಪಸ್. ಕೆಸರು ನೀರನ್ನು ಮೋರಿಗೆ ಬಿಡಬೇಡಿ, ಡ್ರಮ್ಮಿನಲ್ಲಿ ಇಂಗಿಸಿ ಅಡಿಯ ಗಷ್ಟು ಬೇರೆ ಕಟ್ಟಿಡಿ.

ಸದ್ಯಕ್ಕೆ ಕೈಲಿರುವುದು 304 ಸ್ಟೇನ್‌ಲೆಸ್ ಸ್ಟೀಲ್ ಪಿನ್ನು, ತುದಿಯಲ್ಲಿ 1.5 ಎಂಎಂ ಸ್ಲಾಟ್. ಹತ್ತು ಗಂಟೆ ತಿರುಗಿದರೂ ಸ್ಲಾಟಿನ ಅಂಚು ಉಗುರಿಗೆ ಸಿಗುತ್ತಿದೆ, ಒಂದೊಂದರಲ್ಲಿ ಸೆರಾಮಿಕ್ ಚೂರು ಬೇರೆ. 3 ಎಂಎಂ ಓರೆ ಕಟ್ ಸಿಲಿಂಡರ್ ಮೀಡಿಯಾಗೆ ಆರ್ಡರ್ ಕೊಟ್ಟಿದ್ದೇನೆ, ಸ್ಯಾಂಪಲ್ ಎರಡು ಕೆಜಿ ಮಾತ್ರ. ಅದಕ್ಕಿಂತ ಜಾಸ್ತಿ ದುಡ್ಡು ಈ ಜಾಬ್ ಮೇಲೆ ಹಾಕುವುದಿಲ್ಲ.