ಉಪ್ಪಿನ ದ್ರಾವಣ: ತೂಗುವುದು ಒಮ್ಮೆ, ಆಮೇಲೆಲ್ಲ ಸಿರಿಂಜಿನ ಅಳತೆ

ಆಲೂಗಡ್ಡೆಯ ಅಭಿಸರಣೆ (ಕೋಶದ ಪೊರೆಯ ಮೂಲಕ ನೀರು ಉಪ್ಪು ಹೆಚ್ಚಿರುವ ಕಡೆಗೆ ಸರಿಯುವುದು) ಪ್ರಯೋಗಕ್ಕೆ 0.5%, 1%, 2%, 5% ಉಪ್ಪಿನ ದ್ರಾವಣಗಳು ಬೇಕು. 0.5%ರದ್ದು 50 ಮಿ.ಲೀ. ಮಾಡಲು ಹಿಡಿಯುವುದು ಕಾಲು ಗ್ರಾಂ ಉಪ್ಪು. 1 ಗ್ರಾಂಗಿಂತ ಕಡಿಮೆ ತೋರಿಸದ ಅಡುಗೆಮನೆಯ ತಕ್ಕಡಿಯಲ್ಲಿ ಅದನ್ನು ತೂಗಲು ಸಾಧ್ಯವೇ ಇಲ್ಲ. ಅದಕ್ಕೇ ನಾನು 50 ಗ್ರಾಂ ತೂಗಿ, 500 ಮಿ.ಲೀ.ನಷ್ಟು 10% (ಅಂದರೆ 100 ಮಿ.ಲೀ. ದ್ರಾವಣದಲ್ಲಿ 10 ಗ್ರಾಂ ಉಪ್ಪು) ಮೂಲ ದ್ರಾವಣ ಮಾಡಿಟ್ಟುಕೊಂಡು, ಉಳಿದವನ್ನು ಅದಕ್ಕೆ ನೀರು ಬೆರೆಸಿ ಮಾಡುತ್ತೇನೆ. ತೂಕ ಅರ್ಧ ಗ್ರಾಂ ಆಚೀಚೆಯಾದರೂ ನೂರಕ್ಕೆ ಒಂದು ಪಾಲಿನ ತಪ್ಪು, ಅಷ್ಟೆ.

ಪ್ಯಾಕೆಟ್ಟಿನ ಪುಡಿ ಉಪ್ಪು ಸಾಕು, ಅದರ ಅಯೋಡಿನ್ ಇಲ್ಲಿ ಅಡ್ಡಿ ಮಾಡದು. ಕಲ್ಲುಪ್ಪು ಬೇಡ; ಅದರಲ್ಲಿ ತೇವವೂ ಮೆಗ್ನೀಸಿಯಂ ಲವಣಗಳೂ ಸೇರಿರುತ್ತವೆ. ಮಳೆಗಾಲದಲ್ಲಿ ಪುಡಿ ಉಪ್ಪೂ ನೀರು ಹೀರಿಕೊಳ್ಳುವುದರಿಂದ ಬಾಣಲೆಯಲ್ಲಿ ಹುರಿದು, ಆರಿದ ಕೂಡಲೇ ತೂಗುತ್ತೇನೆ. ಬೋರ್‌ವೆಲ್ ನೀರಿನಲ್ಲಿ ಮೊದಲೇ ಲವಣ ಇರುತ್ತದೆ, ಹಾಗಾಗಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸುವುದೇ ಮೇಲು.

ಬಾಟಲಿಯ ಗುರುತನ್ನು ನಾವೇ ಹಾಕಿಕೊಳ್ಳಬಹುದು. ಖಾಲಿ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, 500 ಗ್ರಾಂ ನೀರು ತುಂಬಿ, ನೀರು ನಿಂತಲ್ಲಿ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಗೆರೆ ಕಿರಿದಾದ ಕುತ್ತಿಗೆಯಲ್ಲಿ ಬೀಳುವಂಥ ಬಾಟಲಿ ಆರಿಸಿ. ಅಗಲ ಬಾಯಿಯದರಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಹಲವು ಮಿ.ಲೀ. ಹೆಚ್ಚುಕಡಿಮೆಯಾಗುತ್ತದೆ.

ಮೊದಲು ಸುಮಾರು 350 ಮಿ.ಲೀ. ನೀರಿನಲ್ಲಿ ಉಪ್ಪು ಪೂರ್ತಿ ಕರಗಿಸಿ, ಆಮೇಲೆ ಗೆರೆಯವರೆಗೆ ನೀರು ಸೇರಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: 100 ಮಿ.ಲೀ. ನೀರಿಗೆ 10 ಗ್ರಾಂ ಉಪ್ಪು ಹಾಕಿದರೆ ಒಟ್ಟು ಸುಮಾರು 103.5 ಮಿ.ಲೀ. ಆಗುತ್ತದೆ, ದ್ರಾವಣ 9.7%ಕ್ಕೆ ಇಳಿಯುತ್ತದೆ. ಬಿಸಿನೀರು ಬಳಸಿದ್ದರೆ ಗೆರೆ ಮುಟ್ಟಿಸುವ ಮೊದಲು ತಣಿಯಲಿ. ಕೊನೆಗೆ ಮುಚ್ಚಳ ಬಿಗಿದು ಹತ್ತಾರು ಸಲ ತಲೆಕೆಳಗು ಮಾಡಿ. ಇಲ್ಲವಾದರೆ ಗಟ್ಟಿ ದ್ರಾವಣ ತಳದಲ್ಲೇ ಉಳಿದು, ಮೇಲಿನಿಂದ ತೆಗೆದದ್ದು ಸಪ್ಪೆಯಾಗಿರುತ್ತದೆ.

ಮುಂದಿನದಕ್ಕೆ ಮೆಡಿಕಲ್ ಶಾಪಿನ ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಸಾಕು. 50 ಮಿ.ಲೀ. ಆಗುವಂತೆ ನೀರು ಸೇರಿಸುವ ಲೆಕ್ಕದಲ್ಲಿ 5%ಕ್ಕೆ 25 ಮಿ.ಲೀ. ಮೂಲ ದ್ರಾವಣ, 2%ಕ್ಕೆ 10, 1%ಕ್ಕೆ 5, 0.5%ಕ್ಕೆ 2.5. ಮೋಲಾರ್ ಲೆಕ್ಕ ಬೇಕಿದ್ದವರಿಗೆ: ಸೋಡಿಯಂ ಕ್ಲೋರೈಡಿನ ಮೋಲಾರ್ ರಾಶಿ 58.44 ಗ್ರಾಂ, ಆದ್ದರಿಂದ 10% ಎಂದರೆ 1.71 ಮೋಲಾರ್. 0.2 ಮೋಲಾರ್ ದ್ರಾವಣ 50 ಮಿ.ಲೀ. ಬೇಕಿದ್ದರೆ 5.8 ಮಿ.ಲೀ. ತೆಗೆಯಿರಿ. ಸಿರಿಂಜಿನೊಳಗೆ ಗುಳ್ಳೆ ಉಳಿದರೆ ಅಳತೆ ಕಡಿಮೆಯಾಗುತ್ತದೆ. ತುದಿ ಮೇಲೆ ಮಾಡಿ, ಬೆರಳಿನಿಂದ ತಟ್ಟಿ ಹೊರಹಾಕಿ.

ಕೆಂಪು ಈರುಳ್ಳಿಯ ಪೊರೆಗೆ 5% ಹನಿಸಿದರೆ ಕೆಲವೇ ನಿಮಿಷಗಳಲ್ಲಿ ಬಣ್ಣದ ಭಾಗ ಕೋಶಭಿತ್ತಿ ಬಿಟ್ಟು ಒಳಸರಿಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಆಲೂಗಡ್ಡೆ ತುಂಡಿನ ತೂಕ ಏರದೆ ಇಳಿಯದೆ ನಿಲ್ಲುವುದು ಸಾಮಾನ್ಯವಾಗಿ 1%ರ ಆಸುಪಾಸಿನಲ್ಲಿ, ಅಲ್ಲಿ 0.8% ಮತ್ತು 1.2%ರದ್ದನ್ನೂ ಸೇರಿಸಿಕೊಳ್ಳಿ, ಅಂದರೆ 4 ಮತ್ತು 6 ಮಿ.ಲೀ. ಈ ದ್ರಾವಣ ಕ್ರಿಮಿರಹಿತವಲ್ಲ, ಕಣ್ಣು ಮೂಗು ತೊಳೆಯಲು ಬಳಸಬೇಡಿ ಎಂದು ಬಾಟಲಿಯ ಚೀಟಿಯ ಮೇಲೇ ಬರೆದಿಡಿ.